ಪಾಸ್‌ವರ್ಡ್ ಏನಿಡ್ಲಿ ಸಾರ್?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಮನೆಮನೆಗೆ, ಅಂಗಡಿ ಅಂಗಡಿಗೆ ವೈಫೈ ಹಾಕಿಕೊಡುವ ತಮ್ಮಂದಿರಿಗೆ,

ಕಂಬದಿಂದ ಕಂಬಕ್ಕೆ ಫೈಬರ್ ಎಳೆದು, ಏಣಿ ಹತ್ತಿ, ಗೋಡೆಗೆ ತೂತು ಹೊಡೆದು, ಕೂದಲೆಳೆಯಂಥ ಗಾಜಿನ ದಾರವನ್ನು ಇನ್ನೊಂದಕ್ಕೆ ಬೆಸೆದು, ಮನೆಯೊಳಗಿನ ಡಬ್ಬದಲ್ಲಿ ಹಸಿರು ದೀಪ ಹತ್ತುವವರೆಗೆ ಬಿಡದೆ ಕೂತು ಕೆಲಸ ಮಾಡುವವರು ನೀವು. ಏಪ್ರಿಲ್ ತಿಂಗಳ ದುರ್ಗದ ಬಿಸಿಲಿನಲ್ಲಿ, ಕಾದ ತಾರಸಿಯ ಮೇಲೆ ಕೇಬಲ್ ಸುರುಳಿ ಹೆಗಲಿಗೆ ಹಾಕಿಕೊಂಡು ನಿಂತ ನಿಮ್ಮನ್ನು ನಾನು ನೋಡಿದ್ದೇನೆ. ನಿಮ್ಮಲ್ಲಿ ಕೆಲವರು ನನ್ನ ಎಲೆಕ್ಟ್ರಾನಿಕ್ಸ್ ತರಗತಿಯಲ್ಲಿ ಕೂತಿದ್ದವರು. ದಾರಿಯಲ್ಲಿ ಕಂಡರೆ ಇವತ್ತಿಗೂ ಬೈಕ್ ನಿಲ್ಲಿಸಿ 'ನಮಸ್ಕಾರ ಸಾರ್' ಅನ್ನುತ್ತೀರಿ. ಆ ಸಲಿಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಕೆಲಸದ ಕೊನೆಯ ಎರಡು ನಿಮಿಷದ ಬಗ್ಗೆ ನನಗೆ ಹೇಳುವುದಿದೆ.

ಆ ಎರಡು ನಿಮಿಷ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ದೀಪ ಹತ್ತಿದೆ, ಇನ್ನೂ ಮೂರು ಮನೆ ಬಾಕಿ ಇದೆ, ಆಫೀಸಿನಿಂದ ಫೋನ್ ಬರುತ್ತಿದೆ. 'ಪಾಸ್‌ವರ್ಡ್ ಏನಿಡ್ಲಿ ಸಾರ್?' ಅಂತ ಕೇಳುತ್ತೀರಿ. ಯಜಮಾನರಿಗೆ ತೋಚುವುದಿಲ್ಲ. 'ಹೋಗ್ಲಿ ಬಿಡಿ, ನಿಮ್ಮ ಮೊಬೈಲ್ ನಂಬರೇ ಇಟ್ಟಿರ್ತೀನಿ, ಮರೆಯಲ್ಲ' ಅಂತ ಹೇಳಿ ಹೊರಡುತ್ತೀರಿ.

ಹೋದ ದೀಪಾವಳಿಗೆ ಹೊಳಲ್ಕೆರೆಯ ಅಕ್ಕನ ಮನೆಗೆ ಹೋಗಿದ್ದೆ. ಭಾವನವರದು ಅಡಿಕೆ ವ್ಯಾಪಾರ. ಮುಂದೆ ಮಂಡಿ, ಹಿಂದೆ ಮನೆ, ಎರಡಕ್ಕೂ ಒಂದೇ ವೈಫೈ. ಅಕ್ಕನ ಮಗಳನ್ನು ಪಾಸ್‌ವರ್ಡ್ ಕೇಳಿದೆ. 'ಅಪ್ಪನ ನಂಬರೇ ಮಾವ' ಅಂದಳು. ಆ ನಂಬರು ಮಂಡಿಯ ಬೋರ್ಡಿನ ಮೇಲಿದೆ. ಪ್ರತಿ ವರ್ಷ ಹಂಚುವ ಕ್ಯಾಲೆಂಡರಿನ ಮೇಲಿದೆ. ರಸ್ತೆಯಲ್ಲಿ ಹೋಗುವ ಯಾರು ಬೇಕಾದರೂ ತಲೆ ಎತ್ತಿ ನೋಡಿ ಮನೆಯೊಳಗಿನ ಜಾಲಕ್ಕೆ ಸೇರಿಕೊಳ್ಳಬಹುದಿತ್ತು. ಅದೇ ಜಾಲದಲ್ಲಿ ಮಂಡಿಯ ನಾಲ್ಕು ಸಿಸಿಟಿವಿ ಕ್ಯಾಮೆರಾಗಳು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡಿನಲ್ಲೇ ಓಡುತ್ತಿದ್ದವು. ಹಣ ಎಣಿಸುವ ಮೇಜು ಕಾಣುವ ಹಾಗೆ ಒಂದನ್ನು ಕೂರಿಸಿದ್ದರು. ಕಳ್ಳತನವೇನೂ ಆಗಿರಲಿಲ್ಲ. ಆದರೂ ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೋರ್ಡಿನ ಮೇಲೆ ನಂಬರು ಬರೆಸದವರ ಮನೆಯಲ್ಲಿ ಮೊಬೈಲ್ ನಂಬರ್ ಇಟ್ಟರೆ ಏನು ತೊಂದರೆ ಅಂತ ನೀವು ಕೇಳಬಹುದು. ಅದಕ್ಕೆ ಉತ್ತರ ಬೇಕಿದ್ದರೆ ವೈಫೈಯಲ್ಲಿ ಕೀಲಿ ಹೇಗೆ ಹುಟ್ಟುತ್ತದೆ ಅನ್ನುವುದನ್ನು ನೋಡಬೇಕು. ದಿನಕ್ಕೆ ಹತ್ತು ಸಲ ನಿಮ್ಮ ಕಣ್ಣೆದುರು ನಡೆಯುವ ಕ್ರಿಯೆ ಅದು.

ಗಿರಾಕಿ ಟೈಪ್ ಮಾಡುವ ಪಾಸ್‌ವರ್ಡಿನಿಂದ ನೇರವಾಗಿ ಏನೂ ಗೂಢಲಿಪಿ ಆಗುವುದಿಲ್ಲ. ನೀವು ಹೆಚ್ಚಾಗಿ ಹಾಕುವ ಡಬ್ಲ್ಯುಪಿಎ2 ಪದ್ಧತಿಯಲ್ಲಿ ಫೋನು ಆ ಪಾಸ್‌ವರ್ಡನ್ನೂ ವೈಫೈಯ ಹೆಸರನ್ನೂ ಸೇರಿಸಿ 4096 ಸುತ್ತು ರುಬ್ಬುತ್ತದೆ. ಕೊನೆಗೆ 256 ಬಿಟ್‌ನ ಒಂದು ಸಂಖ್ಯೆ ಉಳಿಯುತ್ತದೆ. ರೂಟರೂ ತನ್ನ ಕಡೆ ಅದೇ ಲೆಕ್ಕ ಮಾಡಿ ಅದೇ ಸಂಖ್ಯೆಯನ್ನು ಇಟ್ಟುಕೊಂಡಿರುತ್ತದೆ. ಇದನ್ನು ಮೂಲಕೀಲಿ ಅನ್ನೋಣ. ಹೆಸರನ್ನು ಯಾಕೆ ಸೇರಿಸುತ್ತಾರೆ ಅಂದರೆ, ಎರಡು ಮನೆಯವರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೂ ಮೂಲಕೀಲಿ ಬೇರೆ ಬೇರೆ ಆಗಲಿ ಅಂತ. ಡಬ್ಬದ ಜೊತೆ ಬಂದ ಹೆಸರನ್ನೇ ಬೀದಿಗೆಲ್ಲ ಬಿಟ್ಟರೆ ಆ ಅನುಕೂಲ ಕೈತಪ್ಪುತ್ತದೆ.

ಈಗ ನಾಲ್ಕು ಮಾತಿನ ಸಂಭಾಷಣೆ. ರೂಟರು ಯಾರೂ ಊಹಿಸಲಾಗದ ಒಂದು ಸಂಖ್ಯೆಯನ್ನು ಫೋನಿಗೆ ಕಳಿಸುತ್ತದೆ. ಫೋನು ತಾನೂ ಅಂಥದ್ದೊಂದು ಸಂಖ್ಯೆ ಆರಿಸಿಕೊಳ್ಳುತ್ತದೆ. ಮೂಲಕೀಲಿ, ಈ ಎರಡು ಸಂಖ್ಯೆ, ಎರಡೂ ಯಂತ್ರಗಳ ಮ್ಯಾಕ್ ವಿಳಾಸ, ಇಷ್ಟನ್ನೂ ಕಲಸಿ ಆ ಹೊತ್ತಿನ ಕೀಲಿಯನ್ನು ತಯಾರಿಸುತ್ತದೆ. ಎರಡನೇ ಮಾತಿನಲ್ಲಿ ತನ್ನ ಸಂಖ್ಯೆಯನ್ನು ರೂಟರಿಗೆ ಕಳಿಸುತ್ತದೆ. ಜೊತೆಗೆ ಆ ಹೊಸ ಕೀಲಿಯಿಂದ ಒತ್ತಿದ ಮುದ್ರೆಯೊಂದನ್ನೂ ಇಡುತ್ತದೆ. ರೂಟರು ತಾನೂ ಕಲಸಿ, ಅದೇ ಮುದ್ರೆ ಬರುತ್ತದೆಯೇ ಅಂತ ತಾಳೆ ನೋಡುತ್ತದೆ. ಬಂದರೆ, ಎದುರಿಗಿರುವವರಿಗೆ ಪಾಸ್‌ವರ್ಡ್ ಗೊತ್ತಿದೆ ಅಂತ ಅರ್ಥ. ಮೂರನೆಯ ಮಾತಿನಲ್ಲಿ ರೂಟರು ತನ್ನ ಮುದ್ರೆಯ ಜೊತೆಗೆ ಮನೆಯ ಎಲ್ಲ ಫೋನುಗಳಿಗೂ ಸಮಾನವಾದ ಗುಂಪಿನ ಕೀಲಿಯನ್ನು ಮುಚ್ಚಿ ಕಳಿಸುತ್ತದೆ. ನಾಲ್ಕನೆಯದು ಫೋನಿನ 'ಸರಿ'. ತೆರೆಯ ಮೇಲೆ 'ಕನೆಕ್ಟಿಂಗ್' ಅಂತ ಬಂದು ಮಾಯವಾಗುವಷ್ಟರಲ್ಲಿ ಇಷ್ಟೂ ಮುಗಿದಿರುತ್ತದೆ.

ಮನೆಯಲ್ಲಿ ಹೆಪ್ಪು ಹಾಕುವುದನ್ನು ನೆನೆಸಿಕೊಳ್ಳಿ. ಹೆಪ್ಪು ಒಂದೇ, ದಿನದಿನದ ಹಾಲು ಬೇರೆ, ಹಾಗಾಗಿ ಮೊಸರೂ ಅವತ್ತಿನದು. ಮೂಲಕೀಲಿ ಹೆಪ್ಪಿನ ಹಾಗೆ. ಪ್ರತಿ ಸಲ ಫೋನು ಸೇರಿಕೊಂಡಾಗಲೂ ಹೊಸ ಸಂಖ್ಯೆಗಳು, ಹೊಸ ಕೀಲಿ. ಮೂಲಕೀಲಿಯಾಗಲಿ ಅದರಿಂದ ಆದ ಕೀಲಿಯಾಗಲಿ ಗಾಳಿಯಲ್ಲಿ ಹಾರುವುದೇ ಇಲ್ಲ. ಇದಕ್ಕೂ ಮುಂಚೆ 1997ರಿಂದ ಇದ್ದ ವೆಪ್ ಪದ್ಧತಿಯಲ್ಲಿ ಈ ಜಾಣತನ ಇರಲಿಲ್ಲ. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ಗೂಢಲಿಪಿ ತಜ್ಞರು ಅದರ ಗುಟ್ಟು ಬಿಡಿಸಿಟ್ಟರು. ಈಗಿನ ನಾಲ್ಕು ಮಾತಿನ ಕ್ರಮ 2004ರ ಮಾನದಂಡದಿಂದ ಬಂದದ್ದು.

ಇಷ್ಟು ಚೆನ್ನಾಗಿ ಯೋಚಿಸಿ ಕಟ್ಟಿದ್ದರಲ್ಲೂ ಒಂದು ತೆರಪಿದೆ. ನಾಲ್ಕು ಮಾತನ್ನು ಪಕ್ಕದ ರಸ್ತೆಯಲ್ಲಿ ನಿಂತವನೂ ಕೇಳಿಸಿಕೊಳ್ಳಬಹುದು. ಎರಡು ಸಂಖ್ಯೆ, ಎರಡು ವಿಳಾಸ, ಒಂದು ಮುದ್ರೆ, ಎಲ್ಲವೂ ಅವನ ಲ್ಯಾಪ್‌ಟಾಪಿನಲ್ಲಿ ಬಂದು ಕೂರುತ್ತವೆ. ಅವನಿಗೆ ಗೊತ್ತಿಲ್ಲದ್ದು ಪಾಸ್‌ವರ್ಡ್ ಒಂದೇ. ಆಗ ಅವನು ಮನೆಗೆ ಹೋಗಿ, ಒಂದು ಪಾಸ್‌ವರ್ಡ್ ಊಹಿಸಿ, 4096 ಸುತ್ತು ರುಬ್ಬಿ, ಕೀಲಿ ಕಲಸಿ, ಮುದ್ರೆ ಒತ್ತಿ ನೋಡುತ್ತಾನೆ. ಹೊಂದಲಿಲ್ಲವೇ, ಇನ್ನೊಂದು ಊಹೆ. ನಿಮ್ಮ ರೂಟರಿಗೆ ಇದರ ಸುಳಿವೇ ಸಿಗುವುದಿಲ್ಲ. 2018ರಲ್ಲಿ ಜೆನ್ಸ್ ಸ್ಟ್ಯೂಬೆ ಎಂಬವರು ತೋರಿಸಿದ ವಿಧಾನದಲ್ಲಿ ಫೋನು ಸೇರಿಕೊಳ್ಳುವುದನ್ನು ಕಾಯಬೇಕಾಗಿಯೂ ಇಲ್ಲ. ಹಲವು ರೂಟರುಗಳಿಂದ ಮೊದಲನೇ ಮಾತಿನಲ್ಲೇ ಊಹೆ ಪರೀಕ್ಷಿಸಲು ಬೇಕಾದದ್ದು ಸಿಕ್ಕಿಬಿಡುತ್ತದೆ.

ಲೆಕ್ಕ ಹಾಕೋಣ. ಆಟದ ಕಂಪ್ಯೂಟರಿಗೆ ಹಾಕುವ ದುಬಾರಿ ಗ್ರಾಫಿಕ್ಸ್ ಕಾರ್ಡ್ ಒಂದು, ಇವತ್ತು ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಊಹೆಗಳನ್ನು ಹೀಗೆ ಪರೀಕ್ಷಿಸುತ್ತದೆ. ನಮ್ಮ ಮೊಬೈಲ್ ನಂಬರುಗಳು 6, 7, 8, 9ರಿಂದ ಶುರುವಾಗುತ್ತವೆ. ಹಾಗಾಗಿ ಹತ್ತಂಕಿಯ ನಂಬರುಗಳು ಹೆಚ್ಚೆಂದರೆ 400 ಕೋಟಿ. ಭಾಗಿಸಿ ನೋಡಿ: 2000 ಸೆಕೆಂಡು, ಅಂದರೆ ಸುಮಾರು ಮೂವತ್ಮೂರು ನಿಮಿಷ. ದೇಶದ ಯಾವ ಮನೆಯ ಯಜಮಾನರ ನಂಬರಾದರೂ ಅಷ್ಟರೊಳಗೆ ಸಿಗಲೇಬೇಕು. ಹುಟ್ಟಿದ ತಾರೀಖು ಇಟ್ಟಿದ್ದರೆ ನೂರು ವರ್ಷಕ್ಕೆ ಸೇರಿ ಮೂವತ್ತಾರು ಸಾವಿರದ ಚಿಲ್ಲರೆ ದಿನಗಳು ಅಷ್ಟೇ. ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ.

ದುರ್ಗದವನಾಗಿ ಇದನ್ನು ಯೋಚಿಸುವಾಗ ನನಗೆ ನಮ್ಮ ಕೋಟೆಯ ಓಬವ್ವನ ಕಿಂಡಿ ಕಣ್ಣಿಗೆ ಕಟ್ಟುತ್ತದೆ. ನೀವೆಲ್ಲ ಆ ಬಂಡೆಗಳ ನಡುವೆ ಮೈ ಕುಗ್ಗಿಸಿ ನುಸುಳಿದವರೇ. ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ಬಂದಾಗ, ಕಹಳೆ ಮುದ್ದಹನುಮನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತ ಕತೆಯನ್ನು ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ಅವಳ ಧೈರ್ಯ ದೊಡ್ಡದು. ಆ ಕಿಂಡಿಯ ಇಕ್ಕಟ್ಟೂ ಅವಳ ಕೈಗೆ ಬಲ ಕೊಟ್ಟಿತು. ಒಬ್ಬನ ಹಿಂದೆ ಒಬ್ಬ ಬರಬೇಕಾಗಿತ್ತು. ಬಂದ ತಲೆಗೆ ಒಂದು ಏಟು, ಮುಂದಿನ ತಲೆಗೆ ಇನ್ನೊಂದು. ಡಬ್ಲ್ಯುಪಿಎ2ರಲ್ಲಿ ಕಳ್ಳನು ಕಿಂಡಿಯನ್ನೇ ಕಿತ್ತು ತನ್ನ ಮನೆಗೆ ಹೊತ್ತುಕೊಂಡು ಹೋಗಿಬಿಡುತ್ತಾನೆ. ಅಲ್ಲಿ ಅವನ ಲಕ್ಷ ಲಕ್ಷ ಊಹೆಗಳು ನಿರಾತಂಕವಾಗಿ ನುಸುಳಿ ನೋಡುತ್ತವೆ. ಒನಕೆ ಹಿಡಿದು ನಿಲ್ಲಲು ಅಲ್ಲಿ ಯಾರೂ ಇಲ್ಲ.

2018ರಲ್ಲಿ ಬಂದ ಡಬ್ಲ್ಯುಪಿಎ3 ಈ ತೆರಪನ್ನು ಮುಚ್ಚುತ್ತದೆ. ಹೇಗೆ ಅನ್ನುವುದು ಬಹಳ ಚಂದದ ಗಣಿತ. ಒಂದು ಚೀಟಿ ತೆಗೆದುಕೊಂಡು ನನ್ನ ಜೊತೆ ಬರೆಯಿರಿ. 3 ಮತ್ತು 17, ಈ ಎರಡು ಸಂಖ್ಯೆ ಎಲ್ಲರಿಗೂ ಗೊತ್ತಿರಲಿ. ಫೋನು ತನ್ನ ಮನಸ್ಸಿನಲ್ಲಿ 6 ಅಂತ ಇಟ್ಟುಕೊಳ್ಳುತ್ತದೆ. ಮೂರನ್ನು ಆರು ಸಲ ಗುಣಿಸಿದರೆ 729. ಹದಿನೇಳರಿಂದ ಭಾಗಿಸಿದರೆ ಶೇಷ 15. ಆ 15ನ್ನು ರೂಟರಿಗೆ ಕೂಗಿ ಹೇಳುತ್ತದೆ. ರೂಟರಿನ ಮನಸ್ಸಿನಲ್ಲಿ 7. ಮೂರನ್ನು ಏಳು ಸಲ ಗುಣಿಸಿದರೆ 2187, ಶೇಷ 11. ಅದು 11 ಅಂತ ಕೂಗುತ್ತದೆ. ಈಗ ಫೋನು 11ನ್ನು ಆರು ಸಲ ಗುಣಿಸಿ ಶೇಷ ತೆಗೆಯಲಿ: 8. ರೂಟರು 15ನ್ನು ಏಳು ಸಲ ಗುಣಿಸಿ ಶೇಷ ತೆಗೆಯಲಿ: ಅದೂ 8. ಬೀದಿಯಲ್ಲಿ ನಿಂತವನು 15 ಕೇಳಿದ, 11 ಕೇಳಿದ. 8 ಯಾರೂ ಹೇಳಲೇ ಇಲ್ಲ. ಸಂಖ್ಯೆಗಳು ಇಷ್ಟು ಸಣ್ಣದಿದ್ದರೆ ಅವನೂ ಕೂತು ಕಂಡುಹಿಡಿಯುತ್ತಾನೆ. ನಿಜದ ಲೆಕ್ಕದಲ್ಲಿ ಬಳಸುವ ಸಂಖ್ಯೆಗಳು ಎಪ್ಪತ್ತೆಂಟು ಅಂಕಿಯಷ್ಟು ದೊಡ್ಡವು. ಹಿಂದಕ್ಕೆ ಬಿಡಿಸಲು ಕೈಗೂಡುವ ದಾರಿ ಕಳ್ಳನಿಗಿಲ್ಲ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಇದನ್ನು ಪ್ರಕಟಿಸಿದರು. ತರಗತಿಯ ಬೋರ್ಡಿನ ಮೇಲೆ ಆ ಎರಡನೇ 8 ಬಂದಾಗ ಹುಡುಗರ ಮುಖ ಅರಳುವುದನ್ನು ನೋಡುವುದಕ್ಕಾಗಿಯೇ ನಾನು ಪ್ರತಿ ವರ್ಷ ಈ ಪಾಠಕ್ಕೆ ಕಾಯುತ್ತಿದ್ದೆ.

ಡಬ್ಲ್ಯುಪಿಎ3ರಲ್ಲಿ ಬಳಸುವ ಕ್ರಮ, ಡ್ಯಾನ್ ಹಾರ್ಕಿನ್ಸ್ ರೂಪಿಸಿದ್ದು, ಇದರ ಮೇಲೆ ಇನ್ನೊಂದು ಹೆಜ್ಜೆ ಇಡುತ್ತದೆ. ಎಲ್ಲರಿಗೂ ಗೊತ್ತಿರಲಿ ಅಂದೆನಲ್ಲ, ಆ 3, ಅಲ್ಲಿ ಅದು ಪಾಸ್‌ವರ್ಡಿನಿಂದಲೇ ಹುಟ್ಟುತ್ತದೆ. ಪಾಸ್‌ವರ್ಡ್ ತಪ್ಪಾದರೆ ಆರಂಭವೇ ತಪ್ಪು, ಕೊನೆಯ ಸಂಖ್ಯೆ ಕೂಡುವುದಿಲ್ಲ. ಕದ್ದು ಕೇಳಿದವನು ಮನೆಗೆ ಒಯ್ದು ಪರೀಕ್ಷಿಸಬಹುದಾದದ್ದು ಏನೂ ಗಾಳಿಯಲ್ಲಿ ಇರುವುದಿಲ್ಲ. ಒಂದು ಊಹೆ ಪರೀಕ್ಷಿಸಬೇಕೆಂದರೆ ಅವನು ರೂಟರಿನ ಎದುರಿಗೇ ಬರಬೇಕು. ಒಂದು ಸಲಕ್ಕೆ ಒಂದೇ ಊಹೆ. ಓಬವ್ವ ಮತ್ತೆ ಕಿಂಡಿಯ ಬಾಯಲ್ಲಿ ನಿಂತ ಹಾಗಾಯಿತು.

ಹಿರಿಯೂರಿನಲ್ಲಿ ಕೆಲಸ ಮಾಡುವವರಿಗೆ ಇದರಲ್ಲಿ ಇನ್ನೊಂದು ಮಾತಿದೆ. ಬೆಂಗಳೂರು–ಪುಣೆ ಹೆದ್ದಾರಿಯ ಬದಿಯ ಹೋಟೆಲುಗಳಲ್ಲಿ, ಮಾರಿಕಣಿವೆ ನೋಡಲು ಬರುವವರು ಇಳಿದುಕೊಳ್ಳುವ ಲಾಡ್ಜುಗಳಲ್ಲಿ, ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿರುತ್ತಾರೆ. 2022ರಲ್ಲಿ, 1933ರ ನಂತರ ಮೊದಲ ಸಲ, ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಎಷ್ಟು ಜನ ಬಂದಿದ್ದರು ಅಂತ ನಿಮಗೆ ನೆನಪಿರಬೇಕು. ಡಬ್ಲ್ಯುಪಿಎ2 ಇದ್ದಲ್ಲಿ, ಗೋಡೆಯ ಪಾಸ್‌ವರ್ಡ್ ಓದಿದವನು ಪಕ್ಕದ ಮೇಜಿನವರ ಫೋನು ಸೇರಿಕೊಳ್ಳುವಾಗಿನ ನಾಲ್ಕು ಮಾತು ಕೇಳಿಸಿಕೊಂಡರೆ, ಅವರ ಆ ಹೊತ್ತಿನ ಕೀಲಿಯನ್ನು ತಾನೂ ಕಲಸಿಕೊಳ್ಳಬಲ್ಲ. ಡಬ್ಲ್ಯುಪಿಎ3ರಲ್ಲಿ ಪಾಸ್‌ವರ್ಡ್ ಗೊತ್ತಿದ್ದವನಿಗೂ ಅದು ಸಾಧ್ಯವಿಲ್ಲ. 6 ಮತ್ತು 7 ಅವರವರ ಮನಸ್ಸಿನಲ್ಲೇ ಉಳಿದಿರುತ್ತವೆ. ಇಂಥ ಕಡೆ ನೀವು ದಯವಿಟ್ಟು ಡಬ್ಲ್ಯುಪಿಎ3 ಇರುವ ಡಬ್ಬವನ್ನೇ ಕೇಳಿ ತರಿಸಿ. 2020ರ ಜುಲೈಯಿಂದ ವೈಫೈ ಪ್ರಮಾಣಪತ್ರ ಪಡೆಯುವ ಹೊಸ ಉಪಕರಣಗಳಲ್ಲಿ ಅದು ಇರಲೇಬೇಕು.

ಬ್ಯಾಂಕಿನ ಆ್ಯಪುಗಳಿಗೆ, ವಾಟ್ಸ್ಆ್ಯಪಿಗೆ ತಮ್ಮದೇ ಬೀಗ ಇದೆ, ಅದು ನಿಜ. ವೈಫೈ ಒಡೆದ ಮಾತ್ರಕ್ಕೆ ಯಾರದೇ ಖಾತೆ ಖಾಲಿಯಾಗುತ್ತದೆ ಅಂತ ನಾನು ಹೆದರಿಸುವುದಿಲ್ಲ. ನನ್ನ ಚಿಂತೆ ಬೇರೆ. ಹೊಸದುರ್ಗದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಪಹಣಿಯ ಪ್ರತಿ ತೆಗೆಸಲು ನಿಂತಿದ್ದೆ. ಜನ ಆಧಾರ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕುಗಳನ್ನು ಫೋನಿನಿಂದ ಕಳಿಸಿ ಪ್ರಿಂಟ್ ಹಾಕಿಸಿಕೊಳ್ಳುತ್ತಿದ್ದರು. ಎಲ್ಲವೂ ಒಂದು ಫೋಲ್ಡರಿನಲ್ಲಿ ಬೀಳುತ್ತಿತ್ತು. ಅಂಗಡಿಯ ವೈಫೈಗೆ ಸೇರಿದ ಯಾವ ಯಂತ್ರಕ್ಕೂ ಆ ಫೋಲ್ಡರ್ ತೆರೆದೇ ಇತ್ತು. ಆ ಅಂಗಡಿಯ ಹುಡುಗನ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ವೈಫೈ ಹಾಕಿಕೊಟ್ಟವರು ಹೇಳದಿದ್ದರೆ ಅವನಿಗೆ ಇನ್ಯಾರು ಹೇಳಬೇಕು?

ಇನ್ನೊಂದು, ಹೆಸರು ಕೆಡುವ ಪ್ರಶ್ನೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟವಾಗುವ ಕೆಲವೇ ನಿಮಿಷ ಮೊದಲು ಸುದ್ದಿವಾಹಿನಿಗಳಿಗೆ ಒಂದು ಇಮೇಲ್ ಬಂತು. ಜಾಡು ಹಿಡಿದು ಹೊರಟ ಪೊಲೀಸರು ತಲುಪಿದ್ದು ನವಿ ಮುಂಬೈಯ ಒಂದು ಮನೆಗೆ. ಆ ಮನೆಯ ಬೀಗವಿಲ್ಲದ ವೈಫೈಯನ್ನು ಬೇರೆ ಯಾರೋ ಬಳಸಿಕೊಂಡಿದ್ದರು. ಮರುವರ್ಷವೇ ದೂರಸಂಪರ್ಕ ಇಲಾಖೆ ವೈಫೈ ಸಂಪರ್ಕಗಳ ಸುರಕ್ಷತೆಯ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲನ್ನೇ ಪೊಲೀಸರು ಮೊದಲು ತಟ್ಟುವುದು. ನಮ್ಮ ಊರುಗಳಲ್ಲಿ ಅದು ಹೆಚ್ಚಾಗಿ ಮನೆಯ ಹಿರಿಯರ ಹೆಸರು. ಅರ್ಜಿಗೆ ಸಹಿ ಹಾಕಿದ್ದು ಬಿಟ್ಟರೆ ಅವರಿಗೆ ಇದರ ತಲೆಬುಡ ಗೊತ್ತಿರುವುದಿಲ್ಲ.

ಹಾಗಾದರೆ ಆ ಎರಡು ನಿಮಿಷದಲ್ಲಿ ಏನು ಮಾಡಬೇಕು? ಡಬ್ಬಕ್ಕೆ ಲಾಗಿನ್ ಆಗುವ ಪಾಸ್‌ವರ್ಡನ್ನು 'ಅಡ್ಮಿನ್' ಅಂತಲೇ ಬಿಡಬೇಡಿ. ಡಬ್ಬಕ್ಕೂ ಮನೆಯವರ ಫೋನುಗಳಿಗೂ ಹೊಸ ಸಾಫ್ಟ್‌ವೇರ್ ಬಂದಿದ್ದರೆ ಹಾಕಿ. 2017ರಲ್ಲಿ ಮಾಥಿ ವಾನ್‌ಹೂಫ್ ಎಂಬ ಬೆಲ್ಜಿಯಂನ ಸಂಶೋಧಕ, ಆ ನಾಲ್ಕು ಮಾತಿನಲ್ಲಿ ಮೂರನೆಯದನ್ನು ಮತ್ತೆ ಮತ್ತೆ ಕೇಳಿಸಿದರೆ ಕೆಲವು ಆ್ಯಂಡ್ರಾಯ್ಡ್ ಫೋನುಗಳು ಬರೀ ಸೊನ್ನೆಗಳ ಕೀಲಿ ಹಾಕಿಕೊಳ್ಳುತ್ತವೆ ಅಂತ ತೋರಿಸಿದ್ದ. ಅದು ಸರಿಹೋದದ್ದು ಹೊಸ ಸಾಫ್ಟ್‌ವೇರ್ ಹಾಕಿದವರಲ್ಲಿ ಮಾತ್ರ. ಪಾಸ್‌ವರ್ಡ್ ಹೊಡೆಯದೆ ಸೇರಿಕೊಳ್ಳಲು ಇರುವ ಡಬ್ಲ್ಯುಪಿಎಸ್ ಪಿನ್ ಅನ್ನು ಬಂದ್ ಮಾಡಿ. ಎಂಟಂಕಿಯ ಆ ಪಿನ್ನಿನ ಮೊದಲ ನಾಲ್ಕಂಕಿ ಸರಿಯೋ ತಪ್ಪೋ ಅಂತ ರೂಟರು ಬೇರೆಯಾಗಿ ಹೇಳಿಬಿಡುತ್ತದೆ, ಕೊನೆಯದು ತಾಳೆಯ ಅಂಕಿ. ಹತ್ತು ಕೋಟಿ ಇರಬೇಕಾದ ಊಹೆಗಳು 11,000ಕ್ಕೆ ಇಳಿಯುತ್ತವೆ ಅಂತ 2011ರಲ್ಲೇ ಗೊತ್ತಾಗಿದೆ. ಕ್ಯಾಮೆರಾಗಳನ್ನು, ಬಂದುಹೋಗುವ ಗಿರಾಕಿಗಳನ್ನು ಮನೆಯ ಜಾಲದಿಂದ ಬೇರೆ ಇಡಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಪಾಸ್‌ವರ್ಡೇ. ಡಬ್ಲ್ಯುಪಿಎ3 ಹಾಕಿದರೂ ಮನೆಯ ಹಳೆಯ ಫೋನುಗಳಿಗಾಗಿ ಎರಡೂ ಪದ್ಧತಿ ಸೇರಿಸಿ ಬಿಡುತ್ತೀರಿ, ಬಿಡಲೇಬೇಕಾಗುತ್ತದೆ. ಆಗ ಹಳೆಯ ಫೋನಿನ ನಾಲ್ಕು ಮಾತು ಗಾಳಿಯಲ್ಲಿ ಹಾಗೇ ಹಾರುತ್ತಿರುತ್ತದೆ.

ಅದಕ್ಕೆ ನಾನೊಂದು ಡಬ್ಬಿ ಮಾಡಿದ್ದೇನೆ. ಅಕ್ಕನ ಮಗಳ ಜೊತೆ ಕೂತು ಸಾವಿರ ಕನ್ನಡ ಪದಗಳನ್ನು ಚೀಟಿಗಳಲ್ಲಿ ಬರೆದೆವು: ಗುಬ್ಬಿ, ಸಂಡಿಗೆ, ಒರಳು, ಕೊಡೆ, ಹುಣಸೆ, ಏಣಿ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಾದ್ದರಿಂದ ಚೀಟಿಯಲ್ಲೂ ಹಾಗೇ ಬರೆದಿದೆ; ಗುಬ್ಬಿಗೆ ಬಿ ಒಂದೋ ಎರಡೋ ಎಂಬ ಗೊಂದಲ ಬರಬಾರದು. ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿ, ಬರೆದುಕೊಂಡು, ವಾಪಸು ಹಾಕಿ, ಕಲಕಿ, ಇನ್ನೊಂದು ಎತ್ತುವುದು. ಕಳ್ಳನ ಕೈಗೆ ಈ ಸಾವಿರ ಪದದ ಪಟ್ಟಿ ಸಿಕ್ಕರೂ ಚಿಂತೆಯಿಲ್ಲ. ಯಾವ ಚೀಟಿ ಬಂತು ಅನ್ನುವುದು ಅವನಿಗೆ ಗೊತ್ತಾಗುವುದಿಲ್ಲ. ನಾಲ್ಕು ಚೀಟಿ ಎತ್ತಿದರೆ ಆ ಗ್ರಾಫಿಕ್ಸ್ ಕಾರ್ಡಿಗೆ ಎಲ್ಲ ಊಹೆ ಮುಗಿಸಲು ಆರು ದಿನ ಸಾಕು. ಐದಾದರೆ ಹದಿನಾರು ವರ್ಷ ಬೇಕು. ಆರಾದರೆ ಹದಿನಾರು ಸಾವಿರ ವರ್ಷ. ಹತ್ತಾರು ಕಾರ್ಡ್ ಜೋಡಿಸುವವರೂ ಇದ್ದಾರೆ, ಆದ್ದರಿಂದ ಆರೇ ಎತ್ತಿಸಿ. ಆದರೆ ಗಿರಾಕಿಗೆ ಇಷ್ಟವಾಗಲಿಲ್ಲ ಅಂತ ಬಂದ ಚೀಟಿ ಬಿಟ್ಟು ದೇವರ ಹೆಸರೋ ಮಗುವಿನ ಹೆಸರೋ ಸೇರಿಸಲು ಹೋಗಬೇಡಿ. ಮನಸ್ಸು ಆರಿಸಿದ್ದನ್ನು ಇನ್ನೊಬ್ಬರ ಮನಸ್ಸು ಊಹಿಸುತ್ತದೆ.

'ಇಷ್ಟುದ್ದ ಯಾರು ಹೊಡೀತಾರೆ?' ಅಂತ ಭಾವನವರೂ ಕೇಳಿದರು. ಒಂದು ಫೋನಿನಲ್ಲಿ ಒಂದೇ ಸಲ ಹೊಡೆಯುವುದು. ಆಮೇಲೆ ಆ ಫೋನಿನಲ್ಲೇ ಕ್ಯೂಆರ್ ಚಿತ್ರ ತೆಗೆದು ತೋರಿಸಿದರೆ ಮಿಕ್ಕವರೆಲ್ಲ ಸ್ಕ್ಯಾನ್ ಮಾಡಿಕೊಳ್ಳುತ್ತಾರೆ. ಚೀಟಿ ಎತ್ತಿದವಳು ಅಕ್ಕನ ಮಗಳು. ಆರು ಪದವನ್ನೂ ಅಕ್ಕ ಒಂದು ಕಾಗದದಲ್ಲಿ ಬರೆಸಿಕೊಂಡು ಪಹಣಿ, ಪತ್ರಗಳ ಜೊತೆ ಬೀರುವಿನಲ್ಲಿಟ್ಟಳು. ಕ್ಯಾಮೆರಾಗಳ ಪಾಸ್‌ವರ್ಡಿಗೆ ಬೇರೆ ಆರು ಚೀಟಿ ಎತ್ತಿದೆವು.

ಆ ಪಟ್ಟಿಯ ಪ್ರತಿಗಳನ್ನು ತೆಗೆಸಿಟ್ಟಿದ್ದೇನೆ. ನಾಲ್ಕು ಊರಿನವರಲ್ಲಿ ಯಾರು ಬೇಕಾದರೂ ದುರ್ಗಕ್ಕೆ ಬಂದಾಗ ಮನೆಗೆ ಬಂದು ತೆಗೆದುಕೊಂಡು ಹೋಗಿ. ಮನೆ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು. ಕತ್ತರಿಸಿ ಒಂದು ಬಿಸ್ಕತ್ ಡಬ್ಬಿಗೆ ಹಾಕಿಕೊಂಡರೆ ನಿಮ್ಮ ಬ್ಯಾಗಿನಲ್ಲಿ ಕ್ರಿಂಪಿಂಗ್ ಟೂಲಿನ ಪಕ್ಕ ಹಿಡಿಯುತ್ತದೆ. ನಿಮ್ಮ ತಾಲ್ಲೂಕಿನ ಪದಗಳನ್ನು ಸೇರಿಸಿದರೆ ಇನ್ನೂ ಸಂತೋಷ. ಆ ಕೊನೆಯ ಪ್ರಶ್ನೆ ಕೇಳುವ ಹೊತ್ತಿಗೆ ಡಬ್ಬಿಯನ್ನು ಗಿರಾಕಿಯ ಮುಂದಿಟ್ಟು, ಮನೆಯಲ್ಲಿ ಮಗು ಇದ್ದರೆ ಅದರ ಕೈಯಲ್ಲೇ ಆರು ಚೀಟಿ ಎತ್ತಿಸಿ.

ಇತಿ,
ನಿಮ್ಮ ಹಳೆಯ ಮೇಷ್ಟ್ರು
ಚಿತ್ರದುರ್ಗ